ಒಂದು ಲೆಕ್ಕ, ಮೂರು ಕಂಪ್ಯೂಟರ್: ಟ್ಯಾಲಿ ಸಿಕ್ಕಿಕೊಂಡರೆ ಎಲ್ಲಿಂದ ನೋಡಬೇಕು?



ಅಡುಗೆಮನೆಯಲ್ಲಿ ಗ್ರೈಂಡರ್ ನಿಂತರೆ ಏನು ಮಾಡಬೇಕೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪ್ಲಗ್ ನೋಡುತ್ತೇವೆ, ಬೆಲ್ಟ್ ನೋಡುತ್ತೇವೆ, ಆಮೇಲೆ ಮೋಟಾರು. ಆದರೆ ಲೆಕ್ಕದ ಕಂಪ್ಯೂಟರ್ ನಿಂತರೆ ಹಾಗೆ ಕ್ರಮವಾಗಿ ನೋಡುವುದಿಲ್ಲ, ನೇರವಾಗಿ ಸರ್ವೀಸಿನವರಿಗೆ ಫೋನು ಮಾಡುತ್ತೇವೆ. ಅವರು ಬರುವುದು ನಾಳೆ ಅಥವಾ ನಾಡಿದ್ದು. ಅಷ್ಟರಲ್ಲಿ ಜಿಎಸ್‌ಟಿ ತಾರೀಕು ಬಂದಿರುತ್ತದೆ, ಹಾಲಿನವನ ಲೆಕ್ಕ ಚುಕ್ತಾ ಮಾಡಬೇಕಾಗಿರುತ್ತದೆ. ಕಂಪ್ಯೂಟರ್ ಓದಿದವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ನನ್ನ ಹಾಗೆ ಹತ್ತನೇ ತರಗತಿ ಓದಿ ಗಲ್ಲಾದ ಮೇಲೆ ಕೂತವರಿಗೆ ಅರ್ಥವಾದರೆ ಸಾಕು.

ನಾವಿರುವ ಕೊಲ್ಕತ್ತಾದ ಬಿಬಿಡಿ ಬಾಗ್ ಎಂದರೆ ಹಳೆಯ ಡಾಲ್‌ಹೌಸಿ ಸ್ಕ್ವೇರ್. ನಡುವೆ ಲಾಲ್ ದಿಘಿ ಕೆರೆ, ಸುತ್ತಲೂ ರೈಟರ್ಸ್ ಬಿಲ್ಡಿಂಗ್, ದೊಡ್ಡ ಅಂಚೆ ಕಚೇರಿ, ರಿಸರ್ವ್ ಬ್ಯಾಂಕ್ ಮತ್ತು ಲೆಕ್ಕವಿಲ್ಲದಷ್ಟು ಆಫೀಸುಗಳು. ಇಲ್ಲಿಯವರು ಇದನ್ನು ಆಫೀಸ್ ಪಾರಾ ಎನ್ನುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಜನ ನುಗ್ಗಿದರೆ ಮೂರು ಗಂಟೆಗೆ ಮುಗಿಯಿತು. ಭಾನುವಾರ ರಸ್ತೆಯಲ್ಲಿ ನಾಯಿ ಮಾತ್ರ. ವ್ಯಾಪಾರ ಹೀಗೆ ಒತ್ತಿಕೊಂಡು ಬರುವ ಜಾಗದಲ್ಲಿ ಒಂದೇ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಆಗುವುದಿಲ್ಲ. ಕೌಂಟರಿನಲ್ಲಿ ಒಂದು, ಉಗ್ರಾಣದಲ್ಲಿ ಒಂದು, ಮೇಲಿನ ಅಟ್ಟದ ಆಫೀಸಿನಲ್ಲಿ ಒಂದು ಬೇಕು. ಮೂರೂ ಕಡೆ ಕಾಣಬೇಕಾದದ್ದು ಒಂದೇ ಲೆಕ್ಕ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಬೆಂಗಳೂರಾಗಲಿ ಮಂಗಳೂರಾಗಲಿ, ಎರಡನೆಯ ಕಂಪ್ಯೂಟರ್ ಇಟ್ಟವರಿಗೆಲ್ಲ ಇದು ಬಂದೇ ಬರುತ್ತದೆ.

ನಮ್ಮವರಲ್ಲಿ ಹೆಚ್ಚಿನವರು ಬಳಸುವುದು ಟ್ಯಾಲಿ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಶುರು ಮಾಡಿದ ಈ ಕಂಪನಿ ನಮ್ಮ ಬೆಂಗಳೂರಿನದೇ. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಬಂತು, 2020ರ ನವೆಂಬರಿನಲ್ಲಿ ಟ್ಯಾಲಿ ಪ್ರೈಮ್ ಬಂತು. ಹಾಗಾಗಿ ಇಲ್ಲಿ ಟ್ಯಾಲಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಬೇರೆ ಸಾಫ್ಟ್‌ವೇರ್ ಇಟ್ಟವರಿಗೂ ಬುಡದ ಮಾತು ಒಂದೇ.

ಎರಡು ಬಾಗಿಲು

ಮೊದಲು ಇದೊಂದು ತಿಳಿದಿರಲಿ. ಎರಡನೆಯ ಕಂಪ್ಯೂಟರಿನಿಂದ ಲೆಕ್ಕ ತೆರೆಯಬೇಕಾದರೆ ಎರಡು ಬಾಗಿಲು ದಾಟಬೇಕು. ಒಂದು ಲೈಸೆನ್ಸಿನ ಬಾಗಿಲು, ಇನ್ನೊಂದು ಲೆಕ್ಕದ ಫೋಲ್ಡರಿನ ಬಾಗಿಲು. ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು. ಯಾವುದು ಮುಚ್ಚಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಲೈಸೆನ್ಸಿನ ವಿಷಯ ಮೊದಲು. ಟ್ಯಾಲಿಯ ಸಿಲ್ವರ್ ಲೈಸೆನ್ಸ್ ಒಂದು ಕಂಪ್ಯೂಟರಿಗೆ ಮಾತ್ರ. ಒಂದೇ ಲ್ಯಾನಿನಲ್ಲಿ ಹಲವರು ಕೂತು ಕೆಲಸ ಮಾಡಬೇಕಾದರೆ ಗೋಲ್ಡ್ ಬೇಕು. ಸಿಲ್ವರ್ ತೆಗೆದುಕೊಂಡು ಮೂರು ಕಡೆ ಹಾಕಿ 'ಬರುವುದಿಲ್ಲ' ಎಂದರೆ ಅದು ರೋಗವೇ ಅಲ್ಲ. ಬಿಲ್ಲು ತೆಗೆದು ನಿಮ್ಮದು ಯಾವುದೆಂದು ನೋಡಿ.

ಗೋಲ್ಡ್ ಇದ್ದರೂ ಕೌಂಟರಿನ ಕಂಪ್ಯೂಟರ್ 'ಎಜುಕೇಷನಲ್ ಮೋಡ್' ಎಂದು ತೋರಿಸಿದರೆ, ತಿಂಗಳಿನ 1, 2 ಮತ್ತು 31ನೇ ತಾರೀಕು ಬಿಟ್ಟು ಬೇರೆ ತಾರೀಕಿಗೆ ವೌಚರ್ ಬರೆಯಲು ಬಿಡದಿದ್ದರೆ, ಲೈಸೆನ್ಸಿನ ಬಾಗಿಲು ಮುಚ್ಚಿದೆ ಎಂದರ್ಥ. ನಿಮ್ಮ ಲೆಕ್ಕ ಎಲ್ಲಿಯೂ ಹೋಗಿಲ್ಲ, ಗಾಬರಿ ಬೇಡ. ಹೀಗೆ ನೋಡಿ:

1. ಲೈಸೆನ್ಸ್ ಇರುವ ಮುಖ್ಯ ಕಂಪ್ಯೂಟರ್ (ಇದನ್ನು ಸರ್ವರ್ ಎನ್ನೋಣ) ಆನ್ ಆಗಿದೆಯೇ? ನಿದ್ದೆಗೆ ಹೋಗಿಲ್ಲವಷ್ಟೇ?

2. ಸರ್ವರಿನಲ್ಲಿ ಟ್ಯಾಲಿ ಗೇಟ್‌ವೇ ಸರ್ವರ್ ಎಂಬ ಸರ್ವೀಸ್ ಓಡುತ್ತಿದೆಯೇ? ಬೇರೆ ಕಂಪ್ಯೂಟರುಗಳಿಗೆ ಲೈಸೆನ್ಸ್ ಹಂಚುವುದು ಅದೇ. ವಿಂಡೋಸಿನ ಸರ್ವೀಸಸ್ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ. ನಿಂತಿದ್ದರೆ ಸ್ಟಾರ್ಟ್ ಒತ್ತಿ, 'ಆಟೋಮ್ಯಾಟಿಕ್' ಎಂದು ಇಡಿ.

3. ಅದು ಮಾತನಾಡುವ ಪೋರ್ಟ್ ಸಾಮಾನ್ಯವಾಗಿ 9999. ಹೊಸ ಆಂಟಿವೈರಸ್ ಹಾಕಿದ ಮರುದಿನ ತೊಂದರೆ ಶುರುವಾಗಿದ್ದರೆ, ಫೈರ್‌ವಾಲ್ ಆ ಪೋರ್ಟನ್ನು ತಡೆದಿರುವ ಸಂಭವ ಹೆಚ್ಚು. ಫೈರ್‌ವಾಲನ್ನೇ ಪೂರ್ತಿ ಬಂದ್ ಮಾಡಬೇಡಿ. ಟ್ಯಾಲಿಗೆ ಮಾತ್ರ ಅನುಮತಿ ಕೊಡಿ.

4. ಸರ್ವರಿನ ಐಪಿ ನಂಬರು ಬದಲಾಗಿದೆಯೇ? ಕರೆಂಟು ಹೋಗಿ ಬಂದರೆ ರೂಟರ್ ಹೊಸ ನಂಬರು ಕೊಡುವುದುಂಟು. ಕೌಂಟರಿನ ಕಂಪ್ಯೂಟರ್ ಇನ್ನೂ ಹಳೆಯ ನಂಬರಿನ ಮನೆ ಬಾಗಿಲು ತಟ್ಟುತ್ತಿರುತ್ತದೆ. ಸರ್ವರಿಗೆ ಕಾಯಂ ನಂಬರು ಕೊಡಿಸಿ. ಇದು ಹತ್ತು ನಿಮಿಷದ ಕೆಲಸ, ವರ್ಷದ ತಲೆನೋವು ತಪ್ಪುತ್ತದೆ.

ವೈಶಾಖದ ಬಿರುಗಾಳಿ ಹೊತ್ತಿನಲ್ಲಿ ನಮ್ಮ ಕಡೆ ಈ ನಾಲ್ಕನೆಯದೇ ಜಾಸ್ತಿ. ಇಲ್ಲಿಯ ಹಳೆಯ ಕಟ್ಟಡಗಳ ವೈರಿಂಗ್ ಹೇಗಿರುತ್ತದೆಂದು ನೋಡಿದವರಿಗೇ ಗೊತ್ತು.

ಲೆಕ್ಕದ ಫೋಲ್ಡರಿನ ಬಾಗಿಲು

ಲೈಸೆನ್ಸ್ ಸರಿಯಾಗಿ ತೋರಿಸುತ್ತಿದೆ, ಆದರೆ ಕಂಪನಿಯ ಹೆಸರೇ ಪಟ್ಟಿಯಲ್ಲಿಲ್ಲ ಅಥವಾ ಹೆಸರಿದೆ, ತೆರೆಯುವುದಿಲ್ಲ. ಹಾಗಿದ್ದರೆ ಎರಡನೆಯ ಬಾಗಿಲು ನೋಡಬೇಕು. ಇಲ್ಲಿ ಟ್ಯಾಲಿಗಿಂತ ವಿಂಡೋಸಿನ ಕಾಟವೇ ಹೆಚ್ಚು. ಪರೀಕ್ಷೆ ಸುಲಭ: ಟ್ಯಾಲಿ ಮುಚ್ಚಿ, ಕೌಂಟರಿನ ಕಂಪ್ಯೂಟರಿನಿಂದ ಸರ್ವರಿನ ಆ ಫೋಲ್ಡರನ್ನು ಸುಮ್ಮನೆ ತೆರೆದು ನೋಡಿ. ಅದೇ ತೆರೆಯದಿದ್ದರೆ ಟ್ಯಾಲಿಯವರಿಗೆ ಫೋನು ಮಾಡಿ ಪ್ರಯೋಜನವಿಲ್ಲ.

ಫೋಲ್ಡರ್ ತೆರೆಯಿತೇ? ಅದರೊಳಗೆ ಬಲಗುಂಡಿ ಒತ್ತಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ, ಅಳಿಸಿ. ಮಾಡಲು ಬಿಡದಿದ್ದರೆ ನಿಮಗೆ ಓದುವ ಅನುಮತಿ ಮಾತ್ರ ಇದೆ, ಬರೆಯುವ ಅನುಮತಿ ಇಲ್ಲ. ವಿಂಡೋಸಿನಲ್ಲಿ ಅನುಮತಿ ಎರಡು ಕಡೆ ಕೊಡಬೇಕು. ಶೇರಿಂಗ್ ಎಂಬಲ್ಲಿ ಒಂದು, ಸೆಕ್ಯುರಿಟಿ ಎಂಬಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದು ಕಡೆ ಮಾತ್ರ ಕೊಟ್ಟು 'ಎಲ್ಲ ಕೊಟ್ಟಿದ್ದೇನೆ' ಎನ್ನುವ ಸರ್ವೀಸಿನವರು ಬೇಕಾದಷ್ಟು ಜನ ಇದ್ದಾರೆ.

ಹೊಸ ಕಂಪ್ಯೂಟರ್ ತಂದವರು ಇನ್ನೊಂದು ತಿಳಿದಿರಬೇಕು. 2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿ ಬಂತು. ಇದರ ಪ್ರೊ ಆವೃತ್ತಿ, ಪಾಸ್‌ವರ್ಡ್ ಇಲ್ಲದೆ ಅತಿಥಿಯ ಹಾಗೆ ಬೇರೆ ಕಂಪ್ಯೂಟರಿನ ಫೋಲ್ಡರಿಗೆ ಹೋಗುವುದನ್ನು ಒಪ್ಪುವುದಿಲ್ಲ. ಹಳೆಯ ಸರ್ವರಿನಲ್ಲಿ ಪಾಸ್‌ವರ್ಡೇ ಇಡದೆ ಎಷ್ಟೋ ವರ್ಷ ನಡೆಸಿದವರಿಗೆ ಹೊಸ ಕಂಪ್ಯೂಟರ್ ಕೂರಿಸಿದ ದಿನವೇ ಬಾಗಿಲು ಬಂದ್ ಆಗಲು ಕಾರಣ ಇದು. ಪರಿಹಾರ ಸರಳ. ಸರ್ವರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಆ ಹೆಸರಿಗೆ ಫೋಲ್ಡರಿನ ಅನುಮತಿ ಕೊಡಿ. ಕೌಂಟರಿನಲ್ಲಿ ಕೇಳಿದಾಗ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿ 'ನೆನಪಿಡು' ಎಂದು ಗುರುತು ಹಾಕಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇವತ್ತಲ್ಲ ನಾಳೆ ಎಲ್ಲರೂ ಈ ದಾರಿಗೆ ಬರಬೇಕಾದವರೇ.

ವಿಂಡೋಸಿನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಎಂದು ಇದ್ದರೂ ಹಂಚಿಕೆ ನಿಲ್ಲುತ್ತದೆ. ರೂಟರ್ ಬದಲಿಸಿದಾಗ ಹೀಗಾಗುವುದು ಸಾಮಾನ್ಯ. ಅದನ್ನು 'ಪ್ರೈವೇಟ್' ಮಾಡಿ.

ಕೆಲವರು ಸರ್ವರಿನ ಫೋಲ್ಡರಿಗೆ ಝಡ್ ಡ್ರೈವ್ ಎಂದು ಹೆಸರು ಕೊಟ್ಟು ಬಳಸುತ್ತಾರೆ. ಟ್ಯಾಲಿಯನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದರೆ ಆ ಝಡ್ ಡ್ರೈವ್ ಅದಕ್ಕೆ ಕಾಣದಿರಬಹುದು. ಫೋಲ್ಡರ್ ಕಣ್ಣಿಗೆ ಕಾಣುತ್ತದೆ, ಟ್ಯಾಲಿಗೆ ಮಾತ್ರ ಕಾಣುವುದಿಲ್ಲ! ಸರ್ವರಿನ ಹೆಸರು ಸಮೇತ ಪೂರ್ತಿ ದಾರಿಯನ್ನು ಬರೆದುಬಿಟ್ಟರೆ ಈ ತಾಪತ್ರಯವಿಲ್ಲ.

ಒಂಬತ್ತು ದಿನದ ಖರೀದಿ ಎಲ್ಲಿ ಹೋಯಿತು?

ಇನ್ನು ಎಲ್ಲಕ್ಕಿಂತ ಕೆಟ್ಟದ್ದು ಹೇಳುತ್ತೇನೆ. ಇದರಲ್ಲಿ ಕಂಪ್ಯೂಟರ್ ಯಾವ ತಕರಾರೂ ಮಾಡುವುದಿಲ್ಲ, ಎಲ್ಲ ಚೆನ್ನಾಗಿಯೇ ನಡೆಯುತ್ತಿರುತ್ತದೆ.

ನಮ್ಮಲ್ಲಿ ಒಮ್ಮೆ ಉಗ್ರಾಣದ ಕಂಪ್ಯೂಟರ್ ಕೆಟ್ಟಿತ್ತು. ಸರ್ವೀಸಿನವನು ಬಂದು ವಿಂಡೋಸ್ ಹೊಸದಾಗಿ ಹಾಕಿ, ಟ್ಯಾಲಿ ಕೂರಿಸಿ, ನಮ್ಮ ಹೋಟೆಲಿನ ಹೆಸರು ತೆರೆದು ತೋರಿಸಿ ಹೋದ. ತಿಂಗಳ ಕೊನೆಗೆ ಆಡಿಟರ್ ಕಡೆಯ ಹುಡುಗ ನೋಡುತ್ತಾನೆ, ಒಂಬತ್ತು ದಿನದ ಖರೀದಿಯೇ ಇಲ್ಲ. ತರಕಾರಿ ಇಲ್ಲ, ಹಾಲು ಇಲ್ಲ, ಅಕ್ಕಿ ಇಲ್ಲ. ಅಕ್ಕಿಯವರ ಬಾಕಿ ಅವರು ಹೇಳಿದ್ದಕ್ಕಿಂತ ಕಡಿಮೆ ತೋರಿಸುತ್ತಿದೆ. ಆ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಉಗ್ರಾಣದವರನ್ನು ಒಮ್ಮೆ ವಿಚಾರಿಸಿ" ಎಂದ. ಅವನ ಮಾತಿನ ಅರ್ಥ ನಿಮಗೆ ಗೊತ್ತಾಯಿತಲ್ಲ.

ಉಗ್ರಾಣ ನೋಡುವವರು ಕುಂದಾಪುರದ ಕಡೆಯವರು, ನನ್ನ ಜೊತೆ ಹದಿನಾಲ್ಕು ವರ್ಷ ಇದ್ದವರು. ಮುಖ ಸಣ್ಣದು ಮಾಡಿಕೊಂಡು, "ಅಣ್ಣಾ, ಒಂದು ಬಿಲ್ಲೂ ಬಿಡ್ಲಿಲ್ಲ, ದಿನಾ ಬರ್ದಿದ್ದೇನೆ" ಎಂದರು. ನಾನು, "ಬನ್ನಿ, ನೀವು ಬರೆದದ್ದನ್ನು ನಿಮ್ಮ ಕಂಪ್ಯೂಟರಿನಲ್ಲೇ ತೋರಿಸಿ" ಎಂದೆ. ತೆರೆದರು. ಎಲ್ಲವೂ ಇದೆ, ಒಂದೂ ಬಿಟ್ಟಿಲ್ಲ! ಆದರೆ ಅವರ ಕಂಪ್ಯೂಟರಿನಲ್ಲಿ ಕೌಂಟರಿನ ಒಂಬತ್ತು ದಿನದ ವ್ಯಾಪಾರ ಇಲ್ಲ.

ಆಗಿದ್ದು ಇಷ್ಟೇ. ಸರ್ವೀಸಿನವನು ಹಳೆಯ ಬ್ಯಾಕಪ್ಪನ್ನು ಆ ಕಂಪ್ಯೂಟರಿನ ಸಿ ಡ್ರೈವಿಗೇ ಇಳಿಸಿ, ದಾರಿಯನ್ನು ಅಲ್ಲಿಗೇ ಇಟ್ಟು ಹೋಗಿದ್ದ. ಒಂದೇ ಹೆಸರಿನ ಎರಡು ಲೆಕ್ಕ, ಎರಡು ಕಡೆ ಬೆಳೆಯುತ್ತಾ ಹೋಗಿತ್ತು. ಆ ಒಂಬತ್ತು ದಿನದ ಖರೀದಿ ವೌಚರುಗಳನ್ನು ಅಲ್ಲಿಂದ ಎಕ್ಸ್‌ಪೋರ್ಟ್ ಮಾಡಿ, ಸರ್ವರಿನ ಬ್ಯಾಕಪ್ ತೆಗೆದಿಟ್ಟು, ಸರ್ವರಿಗೆ ಇಂಪೋರ್ಟ್ ಮಾಡಿಸಿದೆವು. ಬಿಲ್ಲಿನ ಕಟ್ಟು ಹಿಡಿದು ಒಂದೊಂದಾಗಿ ತಾಳೆ ನೋಡಿದೆವು. ಅಕ್ಕಿಯವರ ಬಾಕಿ ಅವರ ಚೀಟಿಗೆ ಸರಿಯಾಗಿ ಕೂತಿತು. ಸಿ ಡ್ರೈವಿನ ಪ್ರತಿಯನ್ನು ಬೇರೆ ಕಡೆಗೆ ತೆಗೆದಿಟ್ಟು, ಆ ಕಂಪ್ಯೂಟರಿನ ದಾರಿಯನ್ನು ಸರ್ವರಿಗೆ ತಿರುಗಿಸಿದ ಮೇಲೆ ಉಗ್ರಾಣದವರು ಅವತ್ತು ಊಟ ಮಾಡಿದ್ದು.

ಹಾಗಾಗಿ ಬಂಧುಗಳೇ, ಲೆಕ್ಕ ಕಾಣೆಯಾದರೆ ಮೊದಲು ದಾರಿ ನೋಡಿ, ಆಮೇಲೆ ಮನುಷ್ಯನನ್ನು ನೋಡಿ. ಕಂಪನಿ ತೆರೆಯುವ ಪರದೆಯಲ್ಲಿ ಡೇಟಾ ಯಾವ ಫೋಲ್ಡರಿನಿಂದ ಬರುತ್ತಿದೆ ಎಂದು ಬರೆದಿರುತ್ತದೆ. ಮೂರೂ ಕಂಪ್ಯೂಟರಿನಲ್ಲಿ ಅದು ಸರ್ವರಿನ ಒಂದೇ ಫೋಲ್ಡರ್ ಆಗಿರಬೇಕು. ಸರ್ವೀಸಿನವರು ಕೈ ತೊಳೆದು ಹೋಗುವ ಮೊದಲು ಒಂದು ರೂಪಾಯಿಯ ವೌಚರ್ ಕೌಂಟರಿನಲ್ಲಿ ಬರೆಸಿ, ಉಗ್ರಾಣದಲ್ಲಿ ಕಾಣುತ್ತದೆಯೇ ನೋಡಿ, ಅಳಿಸಿ. ಕಂಡರೆ ಮಾತ್ರ ದುಡ್ಡು ಕೊಡಿ.

ತೆರೆಯುತ್ತದೆ, ಆದರೆ ಸಿಕ್ಕಿಕೊಳ್ಳುತ್ತದೆ

ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಮದ್ದು:

ಬೇರೆಯವರು ಬಳಸುತ್ತಿದ್ದಾರೆ ಎಂದು ತಡೆಯುವುದು: ಕಂಪನಿಯ ಮೂಲ ವಿವರ ತಿದ್ದುವುದು, ಡೇಟಾ ರಿಪೇರಿ ಮಾಡುವುದು ಮುಂತಾದ ಕೆಲಸಗಳಿಗೆ ಒಬ್ಬರೇ ಒಳಗಿರಬೇಕು. ಉಳಿದವರು ಕಂಪನಿ ಮುಚ್ಚಬೇಕು. ಎಲ್ಲರೂ ಮುಚ್ಚಿದರೂ ತಡೆದರೆ ಯಾವುದೋ ಕಂಪ್ಯೂಟರಿನಲ್ಲಿ ಟ್ಯಾಲಿ ಅರ್ಧಕ್ಕೆ ನಿಂತಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ ಮುಗಿಸಿ. ಕೊನೆಗೆ ಎಲ್ಲವನ್ನೂ ಸರಿಯಾಗಿ ಆಫ್ ಮಾಡಿ, ಸರ್ವರನ್ನು ಮೊದಲು ಆನ್ ಮಾಡಿ.

ಒಂದು ಕಡೆ ಮಾತ್ರ ತೆರೆಯದಿರುವುದು: ಆವೃತ್ತಿ ನೋಡಿ. ಒಬ್ಬರ ಕಂಪ್ಯೂಟರಿನಲ್ಲಿ ಹೊಸ ಟ್ಯಾಲಿ ಹಾಕಿ ಡೇಟಾವನ್ನು ಹೊಸ ರೂಪಕ್ಕೆ ಬದಲಿಸಿಬಿಟ್ಟರೆ ಹಳೆಯ ಟ್ಯಾಲಿ ಇರುವ ಕಂಪ್ಯೂಟರ್ ಅದನ್ನು ತೆರೆಯಲಾರದು. ಹಿಂದಕ್ಕೆ ಬರುವ ದಾರಿಯೂ ಇಲ್ಲ. ಬ್ಯಾಕಪ್ ತೆಗೆದು, ಎಲ್ಲ ಕಡೆ ಒಂದೇ ದಿನ ಬದಲಿಸಿ. ನಾವು ಇಂಥ ಕೆಲಸವನ್ನು ಭಾನುವಾರಕ್ಕೇ ಇಡುತ್ತೇವೆ.

ನಡುವೆ ನಡುವೆ ಕಡಿದುಹೋಗುವುದು: ವೈಫೈ ಬಿಡಿ, ಕೇಬಲ್ ಎಳೆಸಿ. ಇಲ್ಲಿಯ ಹಳೆಯ ಗೋಡೆಗಳ ದಪ್ಪಕ್ಕೆ ವೈಫೈ ಕೌಂಟರಿನಿಂದ ಅಟ್ಟಕ್ಕೆ ಏರುವಷ್ಟರಲ್ಲಿ ಸುಸ್ತಾಗುತ್ತದೆ. ವೌಚರ್ ಉಳಿಸುವ ಹೊತ್ತಿಗೆ ಸಂಪರ್ಕ ಕಡಿದರೆ ಡೇಟಾ ಕೆಡಬಹುದು. ಕೇಬಲ್, ಸ್ವಿಚ್ ಎಲ್ಲ ನಮಗೆ ಹತ್ತಿರದ ಚಾಂದನಿ ಚೌಕದಲ್ಲೇ ಸಿಗುತ್ತವೆ. ಕೇಬಲನ್ನು ಒಲೆ, ಗ್ರೈಂಡರ್, ನೀರಿನ ಪಕ್ಕದಲ್ಲಿ ಎಳೆಯಬೇಡಿ. ಸರ್ವರಿಗೆ ಯುಪಿಎಸ್ ಹಾಕುವವರು ಸ್ವಿಚ್ ಪೆಟ್ಟಿಗೆಗೂ ಹಾಕಿ. ಸರ್ವರ್ ಎದ್ದಿದ್ದು ಸ್ವಿಚ್ ಸತ್ತರೆ ಬಂದ ಫಲವೇನು?

ಒಂದೇ ನಂಬರಿನ ಎರಡು ವೌಚರ್: ಇಬ್ಬರು ಒಂದೇ ಹೊತ್ತಿಗೆ ಬರೆಯುವ ವೌಚರಿಗೆ ನಂಬರು ಕೊಡುವ ಕ್ರಮದಲ್ಲಿ 'ಮಲ್ಟಿ-ಯೂಸರ್ ಆಟೋ' ಎಂದು ಆರಿಸಿ. ಕೈಯಲ್ಲಿ ನಂಬರು ಹಾಕುವುದು ಬೇಡ.

ಡೇಟಾ ಕೆಟ್ಟಿದೆ ಎಂಬ ಸಂದೇಶ: ರಿಪೇರಿಗೆ ಮೊದಲು ಇಡೀ ಫೋಲ್ಡರಿನ ಪ್ರತಿ ತೆಗೆದಿಡಿ. ಎಲ್ಲರನ್ನೂ ಹೊರಗೆ ಕಳಿಸಿ ಸರ್ವರಿನಲ್ಲೇ ಕೂತು ರಿಪೇರಿ ಮಾಡಿ, ನೆಟ್‌ವರ್ಕಿನ ಮೇಲಿಂದ ಬೇಡ. ರಿಪೇರಿಯಲ್ಲಿ ಕೆಟ್ಟ ವೌಚರುಗಳು ಬಿದ್ದುಹೋಗಬಹುದು. ಆದ್ದರಿಂದ ಸಾಧ್ಯವಾದರೆ 'ಸ್ಟ್ಯಾಟಿಸ್ಟಿಕ್ಸ್' ವರದಿಯಲ್ಲಿ ವೌಚರುಗಳ ಲೆಕ್ಕವನ್ನು ಮೊದಲೂ ಆಮೇಲೂ ಬರೆದುಕೊಂಡು ಹೋಲಿಸಿ.

ಸರ್ವರಿನ ಲೆಕ್ಕದ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದವು ತಾವಾಗಿ ನಕಲು ಮಾಡುವ ಜಾಗದಲ್ಲಿ ಇಡಬೇಡಿ. ಅದು ಫೈಲು ಹಿಡಿದುಕೊಂಡಿರುವಾಗಲೇ ಟ್ಯಾಲಿ ಬರೆಯಲು ಹೋದರೆ ಇಬ್ಬರು ಒಂದೇ ಸೌಟಿಗೆ ಕೈ ಹಾಕಿದ ಹಾಗೆ. ಬ್ಯಾಕಪ್ ಫೈಲನ್ನು ಅಲ್ಲಿ ಇಡಿ, ಜೀವಂತ ಲೆಕ್ಕವನ್ನಲ್ಲ.

ಒಬ್ಬೊಬ್ಬರಿಗೆ ಒಂದೊಂದು ಹೆಸರು

ನಮ್ಮಲ್ಲಿ ಎಷ್ಟೋ ಹೋಟೆಲುಗಳಲ್ಲಿ ಮಾಲೀಕರು, ಕ್ಯಾಷಿಯರ್, ಉಗ್ರಾಣದವರು ಎಲ್ಲರೂ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಲ್ಲಿ ಒಳಗೆ ಹೋಗುತ್ತಾರೆ. ನಾಳೆ ಒಂದು ವೌಚರ್ ತಿದ್ದಿದ್ದು ಯಾರು ಎಂದರೆ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಅನುಮಾನ ಬಂದು ಕೂರುತ್ತದೆ, ಬಡವನ ಮೇಲೆಯೇ ಕೂರುತ್ತದೆ.

ಪ್ರತಿಯೊಬ್ಬರಿಗೂ ಬೇರೆ ಹೆಸರು ಕೊಡಿ. ಕ್ಯಾಷಿಯರಿಗೆ ಬರೆಯುವ ಅಧಿಕಾರ ಸಾಕು, ಅಳಿಸುವ ಅಧಿಕಾರ ಬೇಡ. ಟ್ಯಾಲಿ ಪ್ರೈಮಿನಲ್ಲಿ ಎಡಿಟ್ ಲಾಗ್ ಎಂಬುದಿದೆ. ಯಾರು, ಯಾವಾಗ, ಏನು ತಿದ್ದಿದರು ಎಂದು ಅದು ಇಟ್ಟುಕೊಳ್ಳುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಪ್ರೈವೇಟ್ ಲಿಮಿಟೆಡ್‌ನಂಥ ಸಂಸ್ಥೆಗಳಿಗೆ ಇಂಥ ದಾಖಲೆ ಇಡುವ ಸಾಫ್ಟ್‌ವೇರೇ ಕಡ್ಡಾಯ. ನಮ್ಮ ಹಾಗೆ ಸ್ವಂತ ಹೆಸರಿನಲ್ಲಿ, ಪಾಲುದಾರಿಕೆಯಲ್ಲಿ ನಡೆಸುವವರಿಗೆ ಆ ನಿಯಮ ಇಲ್ಲ. ಆದರೆ ಜಿಎಸ್‌ಟಿ ನಿಯಮ 56ರ ಪ್ರಕಾರ ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ತಿದ್ದಿದ ಮತ್ತು ಅಳಿಸಿದ ನಮೂದುಗಳ ದಾಖಲೆ ಇಡಬೇಕು. ನಿಯಮ 57ರ ಪ್ರಕಾರ ಬ್ಯಾಕಪ್ಪೂ ಇಡಬೇಕು. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ತಾರೀಕಿನಿಂದ 72 ತಿಂಗಳು ಲೆಕ್ಕಪುಸ್ತಕ ಉಳಿಸಬೇಕು. ಕಂಪ್ಯೂಟರ್ ಕೆಟ್ಟಿತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ತಾರೀಕುಗಳೂ ಕಾಯುವುದಿಲ್ಲ. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳು 11ಕ್ಕೆ, 3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿ ಕರ್ನಾಟಕದಲ್ಲಿ 22ಕ್ಕೆ, ನಮ್ಮ ಪಶ್ಚಿಮ ಬಂಗಾಳದಲ್ಲಿ 24ಕ್ಕೆ. 2025ರ ಜುಲೈ ತಿಂಗಳಿನ ಲೆಕ್ಕದಿಂದ, 1ರಲ್ಲಿ ತೋರಿಸಿದ ತೆರಿಗೆ 3ಬಿಯಲ್ಲಿ ತಾನಾಗಿ ಬಂದು ಕೂರುತ್ತದೆ, ಅಲ್ಲಿ ತಿದ್ದಲು ಬಿಡುವುದಿಲ್ಲ. ತಿದ್ದಬೇಕಾದರೆ 1ಎ ಎಂಬ ಫಾರಂ. ಅಂದರೆ ಮೂರು ಕಂಪ್ಯೂಟರಿನ ಲೆಕ್ಕ 11ಕ್ಕೆ ಮುಂಚೆಯೇ ಒಂದಾಗಿರಬೇಕು.

ಬ್ಯಾಕಪ್ ಎಂಬ ಉಪ್ಪಿನಕಾಯಿ

ರಾತ್ರಿ ಗಲ್ಲಾ ಎಣಿಸಿದ ಮೇಲೆ ಬ್ಯಾಕಪ್ ತೆಗೆಯುವುದನ್ನು ದಿನದ ಕೆಲಸ ಮಾಡಿಕೊಳ್ಳಿ. ಎರಡು ಪೆನ್ ಡ್ರೈವ್ ಇಟ್ಟು ದಿನ ಬಿಟ್ಟು ದಿನ ಬಳಸಿ. ಒಂದು ಯಾವಾಗಲೂ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಫೋಲ್ಡರಿಗೆ ಇಳಿಸಿ ತೆರೆಯುತ್ತದೆಯೇ ನೋಡಿ. ನೆನಪಿರಲಿ, ನಡೆಯುತ್ತಿರುವ ಲೆಕ್ಕದ ಮೇಲೆಯೇ ಇಳಿಸಬೇಡಿ. ಇವತ್ತಿನದು ಹೋಗಿ ಹಳೆಯದು ಕೂರುತ್ತದೆ. ಉಪ್ಪಿನಕಾಯಿ ಭರಣಿಯನ್ನು ಕಟ್ಟಿಟ್ಟರೆ ಸಾಲದು, ಆಗಾಗ ತೆರೆದು ನೋಡಬೇಕು.

ಕೊನೆಗೆ ಗೋಡೆಗೆ ಅಂಟಿಸಲು ಒಂದು ಚೀಟಿ:

- ತೊಂದರೆ ಒಂದು ಕಂಪ್ಯೂಟರಿನಲ್ಲೋ, ಎಲ್ಲದರಲ್ಲೋ? ಎಲ್ಲದರಲ್ಲಾದರೆ ಸರ್ವರ್ ಮತ್ತು ಸ್ವಿಚ್ ನೋಡಿ. ಒಂದರಲ್ಲಾದರೆ ಆ ಕಂಪ್ಯೂಟರ್, ಅದರ ಕೇಬಲ್ ನೋಡಿ.
- ಎಜುಕೇಷನಲ್ ಎಂದರೆ ಲೈಸೆನ್ಸಿನ ಬಾಗಿಲು.
- ಕಂಪನಿ ಕಾಣದಿದ್ದರೆ ಫೋಲ್ಡರಿನ ಬಾಗಿಲು.
- ಕಾಣುತ್ತದೆ, ಉಳಿಸಲು ಬಿಡುವುದಿಲ್ಲ ಎಂದರೆ ಅನುಮತಿ.
- ಲೆಕ್ಕವೇ ಕಾಣೆ ಎಂದರೆ ದಾರಿ.
- ನಿನ್ನೆ ಸರಿ ಇತ್ತು, ಇವತ್ತು ಇಲ್ಲ ಎಂದರೆ ನಡುವೆ ಬದಲಾಗಿದ್ದೇನು? ವಿಂಡೋಸ್ ಅಪ್‌ಡೇಟ್, ಆಂಟಿವೈರಸ್, ರೂಟರ್, ಪಾಸ್‌ವರ್ಡ್.

ಇಲ್ಲಿಯ ಬಂಗಾಳಿ ಅಂಗಡಿಯವರು ಏಪ್ರಿಲ್ ನಡುವೆ ಬರುವ ಪೊಯ್ಲಾ ಬೋಯಿಶಾಖ್ ದಿನ ಕೆಂಪು ಬಟ್ಟೆಯ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಹಾಲ್ ಖಾತಾ ತೆರೆಯುತ್ತಾರೆ. ನಮ್ಮ ಕಡೆ ದೀಪಾವಳಿಗೆ ಅಂಗಡಿಪೂಜೆಯಲ್ಲಿ ಲೆಕ್ಕದ ಪುಸ್ತಕಕ್ಕೆ ಕುಂಕುಮ ಇಡುತ್ತೇವೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಕುಂಕುಮ ಇಡುವುದು ಬಿಟ್ಟಿಲ್ಲ. ಈ ಸಲ ಕುಂಕುಮ ಇಡುವ ಮೊದಲು ಮೂರೂ ಕಂಪ್ಯೂಟರಿನ ದಾರಿ ಒಂದೇ ಇದೆಯೇ ಎಂದು ನೋಡಿಬಿಡಿ. ಬೇರೆ ಮದ್ದು ಕಂಡುಕೊಂಡವರು ಈ ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾಗುತ್ತದೆ.